ಊಟ ಬಿಟ್ಟ ಬೆಕ್ಕಿಗೆ ಪೂರಕ ಪೋಷಕಾಂಶ ತಿನ್ನಿಸುವ ಬಗೆ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಲು-ಅನ್ನ ಹಾಕುವುದು ರೂಢಿ. ಆದರೆ ಬೆಕ್ಕು ಅಪ್ಪಟ ಮಾಂಸಾಹಾರಿ. ಅದಕ್ಕೆ ಅತ್ಯಗತ್ಯವಾದ ಟಾರಿನ್ ಎಂಬ ಪೋಷಕಾಂಶ ಅನ್ನದಲ್ಲಿಲ್ಲ. ಇದರ ಕೊರತೆಯಿಂದ ಅಕ್ಷಿಪಟಲ ಹಾಳಾಗುವುದನ್ನು 1975ರಲ್ಲಿ, ಹೃದಯದ ಸ್ನಾಯು ದುರ್ಬಲವಾಗುವುದನ್ನು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಇಲಿ ಹಿಡಿಯುವ ಬೆಕ್ಕು ಈ ಕೊರತೆಯನ್ನು ತಾನೇ ನೀಗಿಸಿಕೊಳ್ಳುತ್ತದೆ; ಕಾಯಿಲೆ ಬಿದ್ದು ಮೂಲೆ ಹಿಡಿದ ಬೆಕ್ಕಿಗೆ ಅದು ಅಸಾಧ್ಯ.

ವೈದ್ಯರು ಸೂಚಿಸಿದ ಪೂರಕ ಪುಡಿಯನ್ನು ಒಮ್ಮೆಲೇ ಇಡೀ ಊಟಕ್ಕೆ ಬೆರೆಸಬಾರದು. ವಾಸನೆ ಹಿಡಿಸದಿದ್ದರೆ ಬೆಕ್ಕು ಆ ಆಹಾರವನ್ನೇ ತ್ಯಜಿಸಬಹುದು. ಬೇಯಿಸಿ ಮುಳ್ಳು ತೆಗೆದ ಮೀನು ಅಥವಾ ಮೂಳೆ ತೆಗೆದ ಕೋಳಿಮಾಂಸದ ಒಂದು ಚಮಚಕ್ಕೆ ಚಿಟಿಕೆಯಷ್ಟು ಬೆರೆಸಿ, ಹಸಿವಾದಾಗ ಮೊದಲು ಕೊಡಬೇಕು. ಪ್ರಮಾಣವನ್ನು ದಿನೇದಿನೇ ಹೆಚ್ಚಿಸುತ್ತ ವೈದ್ಯರು ಹೇಳಿದ ಅಳತೆಗೆ ತಲುಪಬೇಕು. ಆಹಾರ ಉಗುರುಬೆಚ್ಚಗಿದ್ದರೆ ಪರಿಮಳ ಹೆಚ್ಚಿ ಬೆಕ್ಕು ಬೇಗ ಒಲಿಯುತ್ತದೆ. ಸಿಹಿ ರುಚಿಯನ್ನು ಅದು ಅರಿಯದು; ಆದ್ದರಿಂದ ಬೆಲ್ಲ, ಸಕ್ಕರೆ ಬೆರೆಸಿ ಪ್ರಯೋಜನವಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಮಸಾಲೆ ಸಾರಿನ ಮೀನು ಕೊಡಬಾರದು. ಮನುಷ್ಯರ ಪ್ಯಾರಸಿಟಮಾಲ್ ಒಂದೇ ಮಾತ್ರೆಯೂ ಪ್ರಾಣಾಂತಿಕ. ಬಾಯಿಗೆ ಬಲವಂತವಾಗಿ ತುರುಕಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಎರಡು-ಮೂರು ದಿನ ಏನೂ ತಿನ್ನದಿದ್ದರೆ, ವಿಶೇಷವಾಗಿ ಮೈತುಂಬಿದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರಬಹುದು. ಮಳೆಗಾಲದಲ್ಲಿ ಜೋಯಿಡಾದ ಕಾಡಿನೊಳಗಿನ ಹಳ್ಳಿಗಳಿಂದ ಪ್ರಯಾಣ ಸುಲಭವಲ್ಲ. ಆದ್ದರಿಂದ ಒಂದು ದಿನ ಊಟ ಬಿಟ್ಟಾಗಲೇ ಪಶು ಆಸ್ಪತ್ರೆಯನ್ನು ಅಥವಾ 1962 ಸಹಾಯವಾಣಿಯನ್ನು ಸಂಪರ್ಕಿಸುವುದು ಒಳಿತು.