ವ್ಯಕ್ತಿ ಮೊದಲೋ, ಸಮುದಾಯ ಮೊದಲೋ?

ಹಕ್ಕಿನ ಮೂಲ ಘಟಕ ಒಬ್ಬ ಮನುಷ್ಯ ಅನ್ನೋದು ವ್ಯಕ್ತಿವಾದ. ಊರು, ಜಾತಿ, ಧರ್ಮ ಅಥವಾ ವರ್ಗ ಅನ್ನೋದು ಸಮೂಹವಾದ. ಮೊದಲನೆಯದು ಪಶ್ಚಿಮದ ಸ್ವಾರ್ಥ ಅಂತ ಎಡ-ಬಲ ಎರಡೂ ಕಡೆ ಕೇಳಿದ್ದೀನಿ. ನಾನು ಒಪ್ಪಲ್ಲ.

1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸಿದ ಅಂಬೇಡ್ಕರ್, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಆರಿಸಿಕೊಂಡಿದ್ದಕ್ಕೆ ಸಂತೋಷಪಟ್ಟರು. ಹಲವು ಸದಸ್ಯರು ಸಿಟ್ಟಾದರು. ಗ್ರಾಮ ಪಂಚಾಯಿತಿಗಳ ಕುರಿತ 40ನೇ ವಿಧಿ ಆಮೇಲೆ ಸೇರಿತು.

ತಕರಾರು ಅಲ್ಲಿಗೇ ಮುಗೀಲಿಲ್ಲ. 25ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ವ್ಯಕ್ತಿಗೆ ಕೊಟ್ಟರೆ, 26ನೇ ವಿಧಿ ಪಂಥಗಳಿಗೆ ಕೊಡುತ್ತದೆ. ಎರಡೂ ಎದುರಾದರೆ? ಬಾಂಬೆ ಪ್ರಾಂತ್ಯ 1949ರಲ್ಲಿ ಸಮುದಾಯದಿಂದ ಬಹಿಷ್ಕಾರ ಹಾಕುವುದನ್ನು ನಿಷೇಧಿಸಿತು. ದಾವೂದಿ ಬೊಹ್ರಾ ಧರ್ಮಗುರು ಕೋರ್ಟಿಗೆ ಹೋದರು. 1962ರಲ್ಲಿ ಸುಪ್ರೀಂ ಕೋರ್ಟ್ 4-1 ಬಹುಮತದಿಂದ ಆ ಕಾಯ್ದೆಯನ್ನೇ ರದ್ದು ಮಾಡಿತು. ವ್ಯಕ್ತಿಯ ಪರ ಭಿನ್ನ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ. 2023ರಲ್ಲಿ ಐವರ ಪೀಠ ಇದರ ಮರುಪರಿಶೀಲನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು.

ಹಾಗಾದ್ರೆ ಸಂಘಟನೆ ಬೇಡವೇ? ಖಂಡಿತ ಬೇಕು. ಸಂಘ ಕಟ್ಟೋದೂ 19ನೇ ವಿಧಿ ಕೊಟ್ಟ ಹಕ್ಕು. ಆದರೆ ಕಾರ್ಮಿಕ ಸಂಘಕ್ಕೆ ನಾವಾಗಿ ಸೇರ್ತೀವಿ, ಜಾತಿಯೊಳಗೆ ಹುಟ್ತೀವಿ. ನನ್ನ ಅಳತೆಗೋಲು ಇಷ್ಟೇ: ಒಲ್ಲೆ ಅಂದವರು ಮನೆಯವರನ್ನು, ಜೀವನೋಪಾಯವನ್ನು, ಸತ್ತಮೇಲಿನ ಆರಡಿ ಜಾಗವನ್ನು ಕಳೆದುಕೊಳ್ಳದೆ ಹೊರಗೆ ಬರಬಹುದಾ? ಬರೋಕಾಗದ ಕಡೆ ಕಾನೂನು ಆ ಒಬ್ಬರ ಪರ ನಿಲ್ಲಬೇಕು.