ರಿಪ್ಯಾಕ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಫೇರ್‌ಫ್ಯಾಕ್ಸ್ ಊರಿನ ಪಶ್ಚಿಮಕ್ಕೆ ಇರುವ ಗುಡ್ಡಗಳಿಂದ ಇಳಿಯುವ ಕಡಿದಾದ ಮಣ್ಣಿನ ದಾರಿ. ಹಳೆಯ ಹೆಸರು ಕ್ಯಾಸ್ಕೇಡ್ ಕ್ಯಾನ್ಯನ್ ರಸ್ತೆ. ಕಾಡ್ಗಿಚ್ಚು ಎದ್ದರೆ ಅಗ್ನಿಶಾಮಕ ದಳದ ಲಾರಿ ಹತ್ತಲೆಂದು ಕಡಿದ ಇಂಥ ‘ಬೆಂಕಿರಸ್ತೆ’ಗಳು ಆ ಬೆಟ್ಟಸಾಲಿನಲ್ಲಿ ಬೇಕಾದಷ್ಟಿವೆ. ಆದರೆ ಇಂದು ಮೌಂಟನ್ ಬೈಕ್ ಎನ್ನುವ ಸೈಕಲ್ಲಿನ ಚರಿತ್ರೆ ಬರೆಯುವವರು ಯಾರೂ ಇದೊಂದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಉದ್ದ ಸುಮಾರು 2 ಮೈಲಿ, ಇಳಿತ ಸುಮಾರು 1,300 ಅಡಿ. ಅಂದರೆ ಪ್ರತಿ ನೂರು ಹೆಜ್ಜೆಗೆ ಹನ್ನೆರಡು ಹೆಜ್ಜೆಯಷ್ಟು ಕೆಳಕ್ಕೆ. ಲೆಕ್ಕದಲ್ಲಿ ಇದು ಸರಾಸರಿ. ರಸ್ತೆ ಸರಾಸರಿಯಂತೆ ನಡೆದುಕೊಳ್ಳುವುದಿಲ್ಲ. ಒಂದು ಕಡೆ ಸಡಿಲ ಜಲ್ಲಿ, ಇನ್ನೊಂದು ಕಡೆ ಮಳೆನೀರು ಕೊರೆದ ಕೊರಕಲು, ನಡುವೆ ಎದ್ದು ನಿಂತ ಬಂಡೆ. ಎದುರಿಗೇನಿದೆ ಎಂದು ಕಾಣದ ತಿರುವುಗಳು ಬೇರೆ. ಒಂದು ತಿರುವಿನಲ್ಲಿ ಛಾಯಾಗ್ರಾಹಕರು ಕಾದು ಕೂರುತ್ತಿದ್ದುದರಿಂದ ಅದು ‘ಕ್ಯಾಮೆರಾ ಕಾರ್ನರ್’ ಆಯಿತು. ಮತ್ತೊಂದು ಜಾಗಕ್ಕೆ, ಅಲ್ಲಿ ಬಿದ್ದು ಮುಖ ಜಜ್ಜಿಕೊಂಡ ಸವಾರನ ಹೆಸರಿನಲ್ಲಿ ‘ವೆಂಡೆಟ್ಟಿಯ ಮುಖ’ ಎಂದೇ ಕರೆಯುವ ರೂಢಿಯಿದೆ.

1970ರ ದಶಕದಲ್ಲಿ ಇಲ್ಲಿ ಇಳಿಯುತ್ತಿದ್ದವರ ಸೈಕಲ್ಲುಗಳು ಗುಜರಿಯಿಂದ ಎದ್ದು ಬಂದವು. 1930-40ರ ದಶಕಗಳ, ಷ್ವಿನ್ ಕಂಪನಿಯ ಎಕ್ಸೆಲ್ಸಿಯರ್ ಫ್ರೇಮು, ಎರಡು ಇಂಚಿಗೂ ದಪ್ಪದ ಬಲೂನ್ ಟೈರು, ಅಗಲವಾದ ಹ್ಯಾಂಡಲ್ಲು. ಮಡ್ಗಾರ್ಡು, ಚೈನ್ ಕವರು, ಸ್ಟ್ಯಾಂಡು ಎಲ್ಲ ಕಿತ್ತೆಸೆದ ಈ ಗಾಡಿಗಳಿಗೆ ಅವರಿಟ್ಟ ಹೆಸರು ‘ಕ್ಲಂಕರ್’. ನಮ್ಮಲ್ಲಾದರೆ ಡಕೋಟ ಎನ್ನುತ್ತಿದ್ದರು. ಮೇಲಕ್ಕೆ ತುಳಿದು ಹೋಗುವ ಮಾತೇ ಇರಲಿಲ್ಲ. ತಳ್ಳಿಕೊಂಡು ಹೋಗಬೇಕು, ಇಲ್ಲವೇ ಯಾರದಾದರೂ ಟ್ರಕ್ಕಿನಲ್ಲಿ ಹೇರಿಕೊಂಡು ಹೋಗಬೇಕು.

ಹೆಸರಿನ ಗುಟ್ಟು ಹಿಂದಿನ ಚಕ್ರದ ಹಬ್ಬಿನಲ್ಲಿದೆ. ಈ ಸೈಕಲ್ಲುಗಳಿಗಿದ್ದದ್ದು ಕೋಸ್ಟರ್ ಬ್ರೇಕ್. ನಮ್ಮ ಹಳೆಯ ಅಟ್ಲಾಸ್, ಹೀರೋ ಸೈಕಲ್ಲಿನಂತೆ ಹ್ಯಾಂಡಲ್ಲಿನ ಕೆಳಗಿನ ಸರಳು ಹಿಡಿದರೆ ರಬ್ಬರ್ ಕಟ್ಟೆ ರಿಮ್ಮನ್ನು ಒತ್ತುವ ಏರ್ಪಾಡಲ್ಲ; ಪೆಡಲನ್ನು ಹಿಂದಕ್ಕೆ ತುಳಿದರೆ ಹಬ್ಬಿನ ಒಳಗೇ ಲೋಹಕ್ಕೆ ಲೋಹ ತಿಕ್ಕಿ ಚಕ್ರ ನಿಲ್ಲುತ್ತದೆ. ಆ ತಿಕ್ಕಾಟ ನಡೆಯುವುದು ಗ್ರೀಸಿನ ನಡುವೆ. ಸಪಾಟು ಬೀದಿಯಲ್ಲಿ ಪೇಪರ್ ಹಾಕುವ ಹುಡುಗನಿಗೆ ಅದು ಸಾಕು. ರಿಪ್ಯಾಕ್‌ನಲ್ಲಿ ಮೇಲಿನಿಂದ ಕೆಳಗಿನವರೆಗೆ ಬ್ರೇಕು ಒತ್ತಿಯೇ ಇರಬೇಕಾದ್ದರಿಂದ ಹಬ್ಬು ಕಾದ ಕಾವಲಿಯಂತಾಗಿ ಗ್ರೀಸು ಸುಟ್ಟು ಹೊಗೆಯಾಡುತ್ತಿತ್ತು. ಇಳಿಯುವವನ ಹಿಂದೆ ಧೂಳಿನ ಜೊತೆ ಹೊಗೆಯೂ ಸಾಗುತ್ತಿತ್ತು. ಕೆಳಗೆ ಬಂದು ಹಬ್ಬು ಬಿಚ್ಚಿದರೆ ಒಳಗೆ ಗ್ರೀಸಿಲ್ಲ. ತೊಳೆದು, ಹೊಸ ಗ್ರೀಸು ತುಂಬಿ, ಮತ್ತೆ ಜೋಡಿಸಬೇಕು. ಹೀಗೆ ತುಂಬುವುದಕ್ಕೆ ಇಂಗ್ಲಿಷಿನಲ್ಲಿ ‘ರಿಪ್ಯಾಕ್’. ಬೆಟ್ಟದ ದಾರಿಯೊಂದು ಮೆಕ್ಯಾನಿಕ್ಕಿನ ಕೆಲಸದಿಂದ ಹೆಸರು ಪಡೆದ ಬೇರೆ ಉದಾಹರಣೆ ಸುಲಭಕ್ಕೆ ಸಿಗಲಾರದು.

ಯಾರು ಎಲ್ಲರಿಗಿಂತ ಬೇಗ ಇಳಿಯುತ್ತಾರೆ ಎಂಬ ವಾದ ತೀರಿಸಲು 1976ರ ಅಕ್ಟೋಬರ್ 21ರಂದು ಮೊದಲ ಪಂದ್ಯ ನಡೆಯಿತು. ಸಂಘಟಿಸಿದವರಲ್ಲಿ ಮುಖ್ಯ ಚಾರ್ಲಿ ಕೆಲ್ಲಿ, ರಾಕ್ ಸಂಗೀತ ತಂಡವೊಂದರ ಸಾಮಾನು ಸಾಗಿಸುತ್ತಿದ್ದ ಆಸಾಮಿ. ಗುಂಪಾಗಿ ಬಿಟ್ಟರೆ ಮೂಳೆ ಉಳಿಯದು ಎಂದು ಒಬ್ಬೊಬ್ಬರನ್ನೇ ಬಿಟ್ಟು ಹೊತ್ತು ಗುರುತಿಸಿದರು. ಗೆದ್ದವನು ಅಲನ್ ಬಾಂಡ್ಸ್. ಅವನ ದೊಡ್ಡ ಗುಣ ವೇಗವಲ್ಲ. ಆ ದಿನ ಬೀಳದೆ ಕೆಳಗೆ ಬಂದವನು ಅವನೊಬ್ಬನೇ. 1984ರವರೆಗೆ ಒಟ್ಟು 24 ಪಂದ್ಯಗಳಾದವು, ಅವುಗಳಲ್ಲಿ 10 ಗೆದ್ದವನು ಜೋ ಬ್ರೀಜ್. ಅತಿ ಕಡಿಮೆ ಹೊತ್ತು ಮಾತ್ರ ಗ್ಯಾರಿ ಫಿಶರ್‌ನದು: 4 ನಿಮಿಷ 22 ಸೆಕೆಂಡು. ಬ್ರೀಜ್ ಎರಡೇ ಸೆಕೆಂಡು ಹಿಂದೆ. ಸ್ಪರ್ಧಿಯೂ ಆಗಿದ್ದ ವೆಂಡಿ ಕ್ರ್ಯಾಗ್ ತೆಗೆದ ಚಿತ್ರಗಳಿಲ್ಲದಿದ್ದರೆ ಈ ಕಥೆಯ ಅರ್ಧ ಅಳಿದೇ ಹೋಗುತ್ತಿತ್ತು.

ಮೌಂಟನ್ ಬೈಕ್ ಹುಟ್ಟಿದ್ದೇ ಇಲ್ಲಿ ಎನ್ನುವುದು ಮರಿನ್‌ನವರ ಅಭಿಮಾನದ ಮಾತು, ಪೂರ್ತಿ ಒಪ್ಪಬೇಕಿಲ್ಲ. 1950ರ ದಶಕದಲ್ಲೇ ಪ್ಯಾರಿಸ್ ಸುತ್ತಲಿನ ಯುವಕರ ಗುಂಪೊಂದು ಸೈಕಲ್ ತಿದ್ದಿಕೊಂಡು ಕಾಡುಮೇಡು ಸುತ್ತಿತ್ತು. 1974ರ ಡಿಸೆಂಬರಿನಲ್ಲಿ ಕ್ಯುಪರ್ಟಿನೋದ ಕೆಲವರು ದಪ್ಪ ಟೈರಿನ ಸೈಕಲ್ಲಿಗೆ ಗೇರು ಹಾಕಿಕೊಂಡೇ ಮರಿನ್‌ಗೆ ಬಂದಿದ್ದರು. ರಿಪ್ಯಾಕ್ ಮಾಡಿದ್ದು ಬೇರೆ ಕೆಲಸ: ಯಾವ ಭಾಗ ಮುರಿಯುತ್ತದೆ, ಯಾವುದು ತಾಳುತ್ತದೆ ಎಂದು ಮುಲಾಜಿಲ್ಲದೆ ತೋರಿಸಿತು. ಹಳೆಯ ಫ್ರೇಮುಗಳು ಮುರಿಯುತ್ತ ಬಂದಾಗ ಬ್ರೀಜ್ 1977ರಲ್ಲಿ ಕ್ರೋಮ್-ಮಾಲಿಬ್ಡಿನಮ್ ಉಕ್ಕಿನ ಕೊಳವೆಗಳಿಂದ ಹೊಸದನ್ನೇ ಕಟ್ಟಿದ. ಆ ‘ಬ್ರೀಜರ್’ ಸಾಲಿನ ಮೊದಲ ಸೈಕಲ್ಲು ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಮಾರಲು ‘ಮೌಂಟನ್‌ಬೈಕ್ಸ್’ ಎಂಬ ಅಂಗಡಿ ತೆರೆದರು. ಹೆಸರನ್ನು ತಮ್ಮದಾಗಿ ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ, ಅದು ಎಲ್ಲರದಾಯಿತು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಬಂತು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಮೌಂಟನ್ ಬೈಕಿನ ಕ್ರಾಸ್-ಕಂಟ್ರಿ ಪದಕದ ಆಟವೂ ಆಯಿತು.

ಇಂದು ರಿಪ್ಯಾಕ್ ಇಳಿಯುವವರ ಬಳಿ ಡಿಸ್ಕ್ ಬ್ರೇಕು, ಮುಂದೆ ಹಿಂದೆ ಸಸ್ಪೆನ್ಷನ್ ಇರುತ್ತವೆ. ಆದರೂ ಹಳೆಯ ಪಾಠವೇ ನಡೆಯುತ್ತದೆ: ಎರಡೂ ಪೆಡಲು ಒಂದೇ ಮಟ್ಟಕ್ಕಿಟ್ಟು ಸೀಟಿನಿಂದ ಎದ್ದು, ಮೈಭಾರ ಹಿಂದಕ್ಕೆಳೆದು, ಕಣ್ಣು ಮುಂದಿನ ಕಲ್ಲಿನ ಮೇಲಲ್ಲದೆ ಅದರಾಚೆಯ ದಾರಿಯ ಮೇಲೆ. ಜಲ್ಲಿಯ ಮೇಲೆ ಮುಂಬ್ರೇಕನ್ನು ಗಕ್ಕನೆ ಹಿಡಿದರೆ ಯಾವ ಬೆಲೆಯ ಸೈಕಲ್ಲೂ ಸವಾರನನ್ನು ಉಳಿಸುವುದಿಲ್ಲ.

ಕಾಲ್ನಡಿಗೆಯವರು, ಕುದುರೆ ಸವಾರರು, ಸೈಕಲ್ಲಿನವರು ಇವರ ನಡುವಿನ ಜಗಳ ಮರಿನ್‌ನಲ್ಲಿ ಹಳೆಯದು. ಅಲ್ಲಿನ ಅನೇಕ ಕಾಲುದಾರಿಗಳಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಬೆಂಕಿರಸ್ತೆಗಳು ತೆರೆದಿವೆ, ವೇಗದ ಮಿತಿ ಗಂಟೆಗೆ 15 ಮೈಲಿ. ಈ ನಿಯಮ ಪಾಲಿಸಿ ರಿಪ್ಯಾಕ್ ಇಳಿದರೆ ಸುಮಾರು 8 ನಿಮಿಷ ಬೇಕು, ಫಿಶರ್ ತೆಗೆದುಕೊಂಡದ್ದರ ಹೆಚ್ಚುಕಡಿಮೆ ಎರಡರಷ್ಟು.