ಗಾಳಿಯ ಸ್ನಾಯು: ತೋಳಿಗೆ ನೆರವಾಗುವ ಮೃದುಯಂತ್ರದ ಚರಿತ್ರೆ

ಖಾರಘರದಿಂದ ಮುಂಬಯಿಗೆ ಸಾಗುವ ಹಾರ್ಬರ್ ಮಾರ್ಗದ ಗಾಡಿಯಲ್ಲಿ ನಿಂತವರೆಲ್ಲ ತಲೆಯ ಮೇಲಿನ ಹಿಡಿಯತ್ತ ಕೈಯೆತ್ತುತ್ತಾರೆ. ಆ ಎತ್ತುವಿಕೆಯ ಬೆಲೆಯನ್ನು ಚೆನ್ನಾಗಿ ಬಲ್ಲವರು ಲಕ್ವ ಹೊಡೆದು ತೋಳು ಸೋತವರು. ಅಂಥವರಿಗೆ ಅಂಗಿಯಂತೆ ತೊಡಿಸಬಹುದಾದ ಮೃದುಯಂತ್ರಗಳ ಸುದ್ದಿ ಈಚೆಗೆ ಕೇಳಿಬರುತ್ತಿದೆ. ಇವು ನಮ್ಮ ಕಾಲದ ಹೊಸ ಸೃಷ್ಟಿಯೆಂದು ಅನೇಕರು ಭಾವಿಸಿರುವರು. ಆದರೆ ಇವುಗಳ ಹಿಂದೆ ಅರುವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು.

1945ರ ಜುಲೈ 16ರಂದು ನ್ಯೂ ಮೆಕ್ಸಿಕೋದಲ್ಲಿ ಪ್ರಪಂಚದ ಮೊದಲ ಅಣುಬಾಂಬಿನ ಪರೀಕ್ಷೆ ನಡೆಯಿತು. ಸ್ಫೋಟದ ಕೊನೆಯ ಕ್ಷಣಗಳನ್ನು ನಡೆಸಿದ ಸ್ವಯಂಚಾಲಿತ ಯಂತ್ರದ ಗುಂಡಿಯನ್ನು ಹಾಕಿದವರು ಜೋಸೆಫ್ ಮೆಕ್‌ಕಿಬ್ಬನ್ ಎಂಬ ಭೌತವಿಜ್ಞಾನಿ. ಮುಂದಿನ ದಶಕದಲ್ಲಿ ಅವರ ಮಗಳಿಗೆ ಪೋಲಿಯೋ ತಗುಲಿ ಕೈಗಳು ನಿಶ್ಚೇಷ್ಟಿತವಾದುವು. ಆಗ ಆ ತಂದೆ ಬೆರಳುಗಳನ್ನು ಮಡಿಸಬಲ್ಲ ಸಾಧನವೊಂದನ್ನು ಅರಸತೊಡಗಿದರು. 1950ರ ದಶಕದ ಕೊನೆಯ ವೇಳೆಗೆ ಅವರು ರೂಪಿಸಿದ ಕೃತಕ ಸ್ನಾಯುವು ಬಹು ಸರಳವಾದುದು: ಒಳಗೆ ರಬ್ಬರಿನ ಕೊಳವೆ, ಹೊರಗೆ ಓರೆಯಾಗಿ ಹೆಣೆದ ನೂಲಿನ ಬಲೆ. ಅನಿಲವನ್ನು ತುಂಬಿದೊಡನೆ ಕೊಳವೆ ಉಬ್ಬುವುದು. ಬಲೆಯ ಎಳೆಗಳು ಹಿಗ್ಗಲಾರವಾದ್ದರಿಂದ ಇಡೀ ಸ್ನಾಯು ಉದ್ದದಲ್ಲಿ ಕುಗ್ಗಿ, ನಮ್ಮ ಮಾಂಸಖಂಡದಂತೆಯೇ ಎಳೆಯುವುದು.

ಇಷ್ಟು ಸೊಗಸಾದ ಉಪಾಯ ಹಿಂದೆ ಬಿದ್ದುದೇಕೆ? ಸ್ನಾಯುವೇನೋ ಹಗುರ, ಆದರೆ ಅದನ್ನು ನಡೆಸುವ ಅನಿಲದ ಸಿಲಿಂಡರಿನ ಹೊರೆ ರೋಗಿಯ ಬೆನ್ನು ಬಿಡಲಿಲ್ಲ. ಇತ್ತ 1955ರಲ್ಲಿ ಸಾಲ್ಕರ ಲಸಿಕೆ ಬಂದು ಪೋಲಿಯೋದ ಹಾವಳಿಯೇ ಇಳಿಯತೊಡಗಿತು. ನಮ್ಮ ದೇಶದಲ್ಲಿ ನೈಸರ್ಗಿಕ ವೈರಾಣುವಿನಿಂದ ಬಂದ ಆ ರೋಗದ ಕೊನೆಯ ಪ್ರಕರಣ ಕಂಡುದು 2011ರ ಜನವರಿಯಲ್ಲಿ.

1980ರ ದಶಕದಲ್ಲಿ ಜಪಾನಿನ ಬ್ರಿಜ್‌ಸ್ಟೋನ್ ಸಂಸ್ಥೆಯು ಇದೇ ಸ್ನಾಯುವನ್ನು ರೋಬಾಟುಗಳಿಗೆ ಅಳವಡಿಸಿತು. 2023ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ವಾಂಸರು ನರಕ್ಷಯದ ರೋಗವುಳ್ಳ ಹತ್ತು ಮಂದಿಗೆ ಬಟ್ಟೆಯ ಕವಚವೊಂದನ್ನು ತೊಡಿಸಿದರು. ಕಂಕುಳಿನಲ್ಲಿ ಉಬ್ಬುವ ಬುಗ್ಗೆ ತೋಳನ್ನು ಮೇಲೆತ್ತಿತು. ಕರ್ನಾಟಕದ ಪಾಲೂ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವೀಕ್ ಬಿಡ್ ಅವರ ತಂಡ 2022ರಲ್ಲಿ ಲಕ್ವಪೀಡಿತರಿಗಾಗಿ ಮೃದುವಾದ ಕೈಗವಸನ್ನು ನಿರ್ಮಿಸಿತು. ಅದು ಬೆರಳನ್ನು ಎಳೆಯುವುದಿಲ್ಲ; ಬೆರಳಿನ ಚಲನೆಯನ್ನು ಬೆಳಕಿನ ಮೂಲಕ ಅಳೆದು, ಮನೆಯಲ್ಲೇ ನಡೆಯುವ ವ್ಯಾಯಾಮದ ವರದಿಯನ್ನು ವೈದ್ಯನಿಗೆ ಮುಟ್ಟಿಸಲು ನೆರವಾಗುತ್ತದೆ. ಅದರ ಬೆಲೆ ಸಾವಿರ ರೂಪಾಯಿಗಿಂತ ಕಡಿಮೆಯೆಂದು ಅವರು ತಿಳಿಸಿದರು.

ಈ ವಿವರವೇ ನಮಗೆ ಮುಖ್ಯವಾದುದು. 1955ರಲ್ಲಿ ಮುಂಬಯಿಯ ಹಾಜಿ ಅಲಿಯಲ್ಲಿ ಅಖಿಲ ಭಾರತ ಪುನರ್ವಸತಿ ಸಂಸ್ಥೆ ಸ್ಥಾಪಿತವಾಯಿತು. ಆದರೆ ತೋಳು ಸೋತವನಿಗೆ ಖಾರಘರದಿಂದ ಅಲ್ಲಿಯವರೆಗಿನ ಪ್ರಯಾಣವೇ ದೊಡ್ಡ ಪರೀಕ್ಷೆ. ಮೆಕ್‌ಕಿಬ್ಬನ್ನರ ಸ್ನಾಯು ಸೋತುದು ಬಲವಿಲ್ಲದೆ ಅಲ್ಲ, ಅದರ ಹೊರೆಯಿಂದ. ಇಂದಿನ ಯಂತ್ರಗಳ ಹೊರೆ ತೂಕವಲ್ಲದಿದ್ದರೆ ಬೆಲೆ, ಬೆಲೆಯಲ್ಲದಿದ್ದರೆ ದೂರ. ಆ ಹೊರೆಯನ್ನು ರೋಗಿಯ ಹೆಗಲಿನಿಂದ ಇಳಿಸಿದ ದಿನವೇ ಈ ಚರಿತ್ರೆ ಸಾರ್ಥಕವಾದೀತು.